ಒಂದನೇ ನಂಬರಿನ ಫೋಟೋ

“ಗದ್ದ ಸ್ವಲ್ಪ ಕೆಳಗೆ, ಮೇಡಂ.”

ಹಾಗೆಂದ ಮರುಕ್ಷಣವೇ ಫೋಟೋಗ್ರಾಫರ್ ನಾಲಿಗೆ ಕಚ್ಚಿಕೊಂಡರು. ನಾನೇನು ಫೋಟೋ ತೆಗೆಸಿಕೊಳ್ಳಲು ಬಂದಿರಲಿಲ್ಲ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತಿದ್ದೆ, ಅಷ್ಟೇ. ಆ ಸ್ಟೂಲಿನ ಮೇಲೆ ಯಾರು ಕುಳಿತರೂ ಮೂವತ್ತೈದು ವರ್ಷದಿಂದ ಅವರ ಬಾಯಿಂದ ಹೊರಡುವ ಮೊದಲ ಮಾತು ಅದೇ.

“ನನ್ನ ಗದ್ದದ ಚಿಂತೆ ಬಿಡಿ. ನಿನ್ನೆಯಿಂದ ಅದು ಕೆಳಗೇ ಇದೆ,” ಎಂದೆ.

ಅವರು ನಗಲಿಲ್ಲ. ನಾನೂ ನಗಿಸಲೆಂದು ಹೇಳಿದ್ದಲ್ಲ. ಬೀದಿಯವರೆಲ್ಲ ಹೊಲಿಗೆ ಅಕ್ಕ ಎನ್ನುತ್ತಿದ್ದ ದರ್ಜಿ ಹೆಂಗಸಿನ ಕೊಲೆ ಕೇಸಿನಲ್ಲಿ, ಅವಳು ಬಾಡಿಗೆಗಿದ್ದ ಅಂಗಡಿಯ ಮಾಲೀಕರ ಮಗನನ್ನು ನಿನ್ನೆ ಕೋರ್ಟು ಖುಲಾಸೆ ಮಾಡಿತ್ತು, ಮತ್ತು ಆ ಕೇಸಿನ ತನಿಖೆ ಮಾಡಿದ ಇನ್‌ಸ್ಪೆಕ್ಟರ್ ನಾನು.

ಸ್ಟುಡಿಯೋದ ಶಟರು ಅರ್ಧ ಇಳಿದಿತ್ತು. ಅದರ ಕೆಳಗಿನ ಸಂದಿನಲ್ಲಿ ಬರೀ ಕಾಲುಗಳು ಕಾಣುತ್ತಿದ್ದವು. ಚಪ್ಪಲಿ, ಬೂಟು, ಒಂದು ಊರುಗೋಲು, ಮತ್ತೆ ಚಪ್ಪಲಿ. ಬೆಳಿಗ್ಗೆ ಹತ್ತರಿಂದ ಮೆರವಣಿಗೆ ಮುಗಿದೇ ಇರಲಿಲ್ಲ.

“ಅಕ್ಕನಿಗೆ ನ್ಯಾಯ ಕೊಡಿ!” ಎಂದು ಒಬ್ಬ ಕೂಗುತ್ತಿದ್ದ. “ಕೇಸು ಮಾರಿಕೊಂಡವರಿಗೆ ಧಿಕ್ಕಾರ!” ಎಂದು ಇನ್ನೊಬ್ಬ ಸೇರಿಸುತ್ತಿದ್ದ. ಎರಡನೆಯದು ನನಗೆ. ಅದಕ್ಕೇ ಹೆಡ್ ಕಾನ್‌ಸ್ಟೇಬಲ್ಲಿಗೆ ಹೇಳಿ ಜೀಪನ್ನು ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ, ಕಳ್ಳಿಯ ಹಾಗೆ ಹಿಂಬಾಗಿಲಿನಿಂದ ಬಂದಿದ್ದೆ.

ಅವರು ಕೂಗುವುದರಲ್ಲಿ ತಪ್ಪೇನಿತ್ತು? ಕೊಲೆಯಾದ ಮೂರೇ ಗಂಟೆಗಳಲ್ಲಿ ಟಿವಿಯವರ ಮುಂದೆ ನಿಂತು, “ಕೊಲೆಗಾರ ಸಿಕ್ಕಿದಾನೆ. ಇವನಲ್ಲ ಅಂತಾದ್ರೆ ನಾನು ಯೂನಿಫಾರ್ಮ್ ಬಿಚ್ಚಿಡ್ತೀನಿ,” ಎಂದು ಎದೆ ತಟ್ಟಿಕೊಂಡವಳು ನಾನೇ. ಆ ಮಾತನ್ನು ನಿನ್ನೆಯಿಂದ ಪ್ರತಿ ಮೊಬೈಲಿನಲ್ಲೂ ತಿರುಗಿಸಿ ತಿರುಗಿಸಿ ಕೇಳುತ್ತಿದ್ದರು. ನನ್ನ ದನಿ ನನಗೇ ವಾಕರಿಕೆ ತರಿಸುವಷ್ಟು ಸಲ ಕೇಳಿದ್ದೆ.

“ತೀರ್ಪು ಓದಿದೀರಾ?” ಎಂದು ಕೇಳಿದೆ.

“ನಂಗ್ಯಾಕೆ ಮೇಡಂ ಅದೆಲ್ಲ? ಬಿಟ್ಟುಬಿಟ್ರು ಅಂತ ಗೊತ್ತಾಯ್ತು. ನಿನ್ನೆಯಿಂದ ಊಟ ಸೇರ್ತಿಲ್ಲ.” ಅವರು ಗೋಡೆಗೆ ಒರಗಿಸಿದ್ದ ಒಂದು ಕಟ್ಟು ತೋರಿಸಿದರು. ಹೊಲಿಗೆ ಅಕ್ಕನ ನಗುಮುಖ, ಒಂದರ ಮೇಲೊಂದು, ಇನ್ನೂರು ಪ್ರತಿ. “ಮೆರವಣಿಗೆಗೆ ಅಂತ ಪುಕ್ಕಟೆ ಪ್ರಿಂಟ್ ಹಾಕಿಕೊಟ್ಟೆ. ನನ್ನ ಕೈಲಿ ಆಗೋದು ಅಷ್ಟೇ ತಾನೆ?”

“ನಾನು ಓದಿದೆ,” ಎಂದೆ. “ನಲವತ್ತಾರನೇ ಪುಟ. ಇನ್‌ಸ್ಪೆಕ್ಟರ್ ಬರೆದ ಸ್ಥಳದ ವರದಿ ಪ್ರಕಾರ ಇಸ್ತ್ರಿ ಪೆಟ್ಟಿಗೆ ನೆಲದ ಮೇಲೆ ಬಿದ್ದಿತ್ತು. ಫೋಟೋಗಳಲ್ಲಿ ಅದು ಮೇಜಿನ ಮೇಲೆ ನೆಟ್ಟಗೆ ನಿಂತಿದೆ. ಅದರಿಂದಲೇ ತಲೆಗೆ ಹೊಡೆದು ಕೊಂದ ಅಂತ ಪೊಲೀಸರು ಹೇಳ್ತಾರೆ. ಸಿಟ್ಟಿನಲ್ಲಿ ಕೊಂದವನು ಅದನ್ನ ಎತ್ತಿ, ವೈರು ಸುತ್ತಿ, ಜಾಗದಲ್ಲಿ ಇಟ್ಟು ಹೋಗ್ತಾನಾ? ವರದಿಯನ್ನ ನಂಬೋದಾ, ಫೋಟೋವನ್ನ ನಂಬೋದಾ? ಹೀಗಂತ ಜಡ್ಜ್ ಕೇಳಿದಾರೆ. ಆ ಒಂದು ಅನುಮಾನದ ಮೇಲೆ ಅವನು ಮನೆಗೆ ಹೋದ.”

ಫೋಟೋಗ್ರಾಫರ್ ಕೌಂಟರಿನ ಮೇಲಿದ್ದ ಬಾಚಣಿಗೆಯನ್ನು ಕನ್ನಡಿಯ ಪಕ್ಕಕ್ಕೆ ಸರಿಸಿ ಇಟ್ಟರು.

ಕೊಲೆಯಾದ ದಿನ ನಮ್ಮ ಇಲಾಖೆಯ ಫೋಟೋಗ್ರಾಫರ್ ರಜೆಯಲ್ಲಿದ್ದರು. ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಈ ಸ್ಟುಡಿಯೋ ಇತ್ತು. ನನ್ನ ಮದುವೆಯ ಫೋಟೋ ತೆಗೆದವರು ಇವರೇ. “ಕ್ಯಾಮೆರಾ ತಗೊಂಡು ಬನ್ನಿ, ಬೇಗ ಮುಗಿಸಿ,” ಎಂದು ಹೇಳಿ ನಾನು ಹೊರಗೆ ಹೋಗಿದ್ದೆ. ಹೊರಗೆ ಹೊಲಿಗೆ ಅಕ್ಕನ ತಾಯಿ ಮೆಟ್ಟಿಲ ಮೇಲೆ ಕುಸಿದಿದ್ದರು. ಅವರನ್ನು ಸಮಾಧಾನ ಮಾಡಲು ಹೋದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಟಿವಿಯ ವ್ಯಾನು ಬಂದು ನಿಂತಿತ್ತು ಎನ್ನುವುದೂ ಸುಳ್ಳಲ್ಲ.

ಜೇಬಿನಿಂದ ಪೆನ್ನು ತೆಗೆದು ಕೌಂಟರಿನ ಮೇಲೆ ಬೇಕೆಂದೇ ಓರೆಯಾಗಿ ಇಟ್ಟೆ.

ಅವರು ಅತ್ತ ನೋಡದೆಯೇ ಅದನ್ನು ಕೌಂಟರಿನ ಅಂಚಿಗೆ ಸಮವಾಗಿ ತಿರುಗಿಸಿದರು.

ಪಕ್ಕದ ಕಾಗದದ ಕಟ್ಟನ್ನು ಮೊಣಕೈಯಿಂದ ಸ್ವಲ್ಪ ತಳ್ಳಿದೆ. ಅದೂ ನೆಟ್ಟಗಾಯಿತು. ಅವರ ಕಣ್ಣು ನನ್ನ ಮುಖದ ಮೇಲಿತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

“ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಿದ್ದು ನೀವೇ ಅಲ್ವಾ?” ಎಂದೆ.

ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಬೇರೆ ಯಾರದೋ ಕೈ ನೋಡಿದ ಹಾಗೆ.

“ಬಿದ್ದಿತ್ತು ಮೇಡಂ,” ಎಂದರು ಕೊನೆಗೆ. “ವೈರು ಕಾಲಿಗೆ ಸಿಗೋ ಹಾಗಿತ್ತು. ಕುರ್ಚಿ ಮಗುಚಿತ್ತು. ಕತ್ತರಿ ಒಂದು ಕಡೆ, ಟೇಪು ಒಂದು ಕಡೆ. ನಾನು ಫೋಟೋ ತೆಗಿಯೋಕೆ ಮುಂಚೆ ಎಲ್ಲಾನೂ ಸರಿ ಮಾಡ್ತೀನಿ. ಮದುವೆ ಮನೇಲಿ ಒಂದು ಕುರ್ಚಿ ವಾರೆ ಇದ್ರೂ ಜನ ಬೈತಾರೆ. ಅಭ್ಯಾಸ. ಅಕ್ಕ ಅಷ್ಟು ಒಪ್ಪವಾಗಿ ಇದ್ದ ಹೆಂಗಸು. ಅವಳ ಅಂಗಡಿ ಹಾಗೆ ಹರವಿಕೊಂಡಿರೋದನ್ನ ನಾಲ್ಕು ಜನ ನೋಡಬಾರದು ಅನ್ನಿಸ್ತು. ಅವಳನ್ನ ಮಾತ್ರ ಮುಟ್ಟಲಿಲ್ಲ. ದೇವರಾಣೆ ಮುಟ್ಟಲಿಲ್ಲ.”

“ಕೋರ್ಟಲ್ಲಿ ಯಾಕೆ ಹೇಳಲಿಲ್ಲ?”

“ಯಾರು ಕೇಳಿದ್ರು? ಇವು ನೀವೇ ತೆಗೆದ ಫೋಟೋಗಳಾ ಅಂದ್ರು. ಹೌದು ಅಂದೆ. ಇಳೀರಿ ಅಂದ್ರು. ಇಳಿದೆ.” ಅವರು ಗೋಡೆಗೆ ಒರಗಿದ್ದ ಅಕ್ಕನ ಫೋಟೋಗಳ ಕಡೆ ತಿರುಗಿದರು. “ನನ್ನಿಂದ ಅವನು ತಪ್ಪಿಸಿಕೊಂಡನಾ ಮೇಡಂ? ನಾನು ಬೆಳಿಗ್ಗೆ ಮೆರವಣಿಗೇಲಿ ನಿಮ್ಮನ್ನೇ ಬೈಕೊಂಡು ಹೋಗಿದ್ದೆ.”

ಬೈಯಬೇಕಿತ್ತು ನಾನು. ಆದರೆ ಆ ಮನುಷ್ಯನದು ಒಂದು ತಪ್ಪಾದರೆ ನನ್ನದು ಅದರ ಅಪ್ಪ.

ಸ್ಥಳದ ವರದಿಯನ್ನು ಸ್ಥಳದಲ್ಲೇ ಬರೆಯಬೇಕು. ಒಂದು ಸೂಜಿಯನ್ನೂ ಕದಲಿಸುವ ಮೊದಲು, ಕಂಡದ್ದನ್ನು ಕಂಡ ಹಾಗೆ. ನಾನು ಅದನ್ನು ಮಾರನೆಯ ದಿನ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಬರೆದೆ. ಇಸ್ತ್ರಿ ಪೆಟ್ಟಿಗೆ ನೆಲದಲ್ಲಿದ್ದದ್ದು ಕಣ್ಣಿಗೆ ಕಟ್ಟಿತ್ತು, ಅದನ್ನು ನೆನಪಿನಿಂದ ಬರೆದೆ. ಉಳಿದದ್ದನ್ನೆಲ್ಲ ಇವರ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು, ನೋಡಿ ನೋಡಿ ಬರೆದೆ. “ಸ್ಥಳದಲ್ಲೇ ಬರೆದದ್ದಾ?” ಎಂದು ಕೋರ್ಟಿನಲ್ಲಿ ಕೇಳಿದಾಗ, “ಹೌದು,” ಎಂದು ಪ್ರಮಾಣ ಮಾಡಿ ಹೇಳಿದೆ. ಕೆಳಗೆ ಸಾಕ್ಷಿ ಸಹಿ ಹಾಕಿದ ಹೆಡ್‌ಗೆ ಬಿಟ್ಟರೆ ಇನ್ನೊಬ್ಬರಿಗೆ ಅದು ಗೊತ್ತಿರಲಿಲ್ಲ. ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ಒಂದೂವರೆ ವರ್ಷ ನನ್ನನ್ನು ನಾನೇ ಒಪ್ಪಿಸುತ್ತ ಬಂದಿದ್ದೆ.

“ಇನ್ನೊಂದು ಮಾತು,” ಎಂದೆ. “ನೀವು ಕೊಟ್ಟ ಫೋಟೋಗಳ ಹಿಂದೆ ನಂಬರ್ ಹಾಕಿದೀರಿ. ಎರಡರಿಂದ ಇಪ್ಪತ್ತೈದು. ಒಂದು ಎಲ್ಲಿ?”

“ಅದು ಬೆಳಕಿನದು.”

“ಅಂದ್ರೆ?”

“ಒಳಗೆ ಕಾಲಿಡೋಕೆ ಮುಂಚೆ ಬಾಗಿಲಲ್ಲೇ ನಿಂತು ಒಂದು ತೆಗಿತೀನಿ. ಬೆಳಕು ಎಷ್ಟಿದೆ ಅಂತ ನೋಡೋಕೆ. ಅದನ್ನ ಯಾರಿಗೂ ಕೊಡಲ್ಲ. ಚೆನ್ನಾಗಿರಲ್ಲ.”

“ಅಳಿಸಿಬಿಟ್ಟಿರಾ?”

ಅವರ ಮುಖದಲ್ಲಿ ನಾನು ಬಂದ ಮೇಲೆ ಮೊದಲ ಬಾರಿಗೆ ಸ್ವಲ್ಪ ಸ್ವಾಭಿಮಾನ ಕಂಡಿತು. “ನಾನು ಯಾವುದನ್ನೂ ಅಳಿಸಲ್ಲ, ಮೇಡಂ.”

ಪರದೆಯ ಹಿಂದೆ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದು ಏಳುವಷ್ಟರಲ್ಲಿ ನಾನು ನಿಂತಲ್ಲಿ ನಿಲ್ಲಲಾರದೆ ಗಿರಾಕಿಗಳಿಗೆ ಬಾಡಿಗೆಗೆ ಕೊಡುವ ಕರಿ ಕೋಟುಗಳನ್ನು ಎರಡು ಸಲ ಎಣಿಸಿದೆ. ‘ಬೆಳಕು’ ಎಂದು ಹೆಸರಿಟ್ಟ ಒಂದು ಫೋಲ್ಡರಿನಲ್ಲಿ ವರ್ಷಾನುಗಟ್ಟಲೆಯ ಬಾಗಿಲ ಫೋಟೋಗಳಿದ್ದವು. ಖಾಲಿ ಮಂಟಪಗಳು, ಖಾಲಿ ಕುರ್ಚಿಗಳು. ಅವುಗಳ ನಡುವೆ ಆ ದಿನದ್ದು.

ತೆರೆದರು.

ಫೋಟೋ ಸ್ವಲ್ಪ ವಾಲಿತ್ತು. ಎಡಗಡೆ ಅಕ್ಕನ ಪಾದಗಳು. ಮಗುಚಿದ ಕುರ್ಚಿ. ಮತ್ತು ನೆಲದ ಮೇಲೆ, ನಾನು ಹೇಳಿದ ಜಾಗದಲ್ಲೇ, ನಾನು ಹೇಳಿದ ಹಾಗೇ, ಇಸ್ತ್ರಿ ಪೆಟ್ಟಿಗೆ.

ಕುಣಿದುಬಿಡೋಣ ಅನ್ನಿಸಿತು. ನಾಚಿಕೆಗೆಟ್ಟ ಖುಷಿ ಅದು, ಮುಚ್ಚಿಡುವುದಿಲ್ಲ. ಅವಳ ಪಾದಗಳು ಕಣ್ಣೆದುರು ಇದ್ದವು, ನಾನು ಮಾತ್ರ ನನ್ನ ಮಾನ ಉಳಿಯಿತು ಎಂದು ಹಿಗ್ಗುತ್ತಿದ್ದೆ. ಮೇಲಿನ ಕೋರ್ಟಿಗೆ ಹೋಗಬಹುದು. ಹೊಸ ಸಾಕ್ಷ್ಯ. ಸರ್ಕಾರಿ ವಕೀಲರಿಗೆ ಈಗಲೇ ಫೋನು ಮಾಡಿದರೆ ಸಂಜೆಯೊಳಗೆ ಅರ್ಜಿ. ಅವನನ್ನು ಮತ್ತೆ ಹಿಡಿದು ತಂದು...

“ಇದನ್ನೂ ನಾನೇ ಸರಿ ಮಾಡಿದ್ದು,” ಎಂದರು ಫೋಟೋಗ್ರಾಫರ್, ತಪ್ಪೊಪ್ಪಿಗೆಯನ್ನು ಪೂರ್ತಿ ಮಾಡುವವರ ಹಾಗೆ. ಬೆರಳು ಹೊಲಿಗೆ ಮಿಷನ್ನಿನ ಮೇಲಿತ್ತು. “ಸೂಜಿ ಕೆಳಗೆ ಒಂದು ಬಟ್ಟೆ ಸಿಕ್ಕಿಕೊಂಡಿತ್ತು. ಸೂಜಿ ಎತ್ತಿ, ಬಿಡಿಸಿ, ಮಡಚಿ ರಾಶಿ ಜೊತೆ ಇಟ್ಟೆ.”

ನನ್ನ ವರದಿಯಲ್ಲಿ ಆ ಸಾಲು ಹೇಗಿದೆ ಎಂದು ನನಗೆ ಬಾಯಿಪಾಠ. ‘ಹೊಲಿಗೆ ಯಂತ್ರ: ಖಾಲಿ.’ ಫೋಟೋ ನೋಡಿ ಬರೆದದ್ದು.

“ದೊಡ್ಡದು ಮಾಡಿ.”

ಮಾಡಿದರು. ನೀಲಿ ಬಟ್ಟೆ. ಭುಜಕ್ಕೆ ಪಟ್ಟಿ ಇರುವ ಶಾಲೆಯ ಯೂನಿಫಾರ್ಮ್. ಆ ಬಡಾವಣೆಯಲ್ಲಿ ಅಂಥದ್ದು ಆರುನೂರು ಇದ್ದಾವು.

“ಇನ್ನೂ.”

ಪಟ್ಟಿಯ ತುದಿಯಲ್ಲಿ ಒಂದು ಗುಂಡಿ ಹೊಳೆಯುತ್ತಿತ್ತು. ಬೇರೆ ಮಕ್ಕಳದು ನೀಲಿ ಪ್ಲಾಸ್ಟಿಕ್ ಗುಂಡಿ. ಇದು ಹಿತ್ತಾಳೆಯದು, ಒಂದು ಸುತ್ತು ದೊಡ್ಡದು, ಮೇಲೆ ನಮ್ಮ ಇಲಾಖೆಯ ಮುದ್ರೆ.

ಆ ಗುಂಡಿಯ ಮೇಲೆ ಬೆರಳಿಟ್ಟೆ.

ಆ ಗುಂಡಿ ಹಾಕಿದ್ದು ನಾನು. ಅದೇ ದಿನ ಬೆಳಿಗ್ಗೆ. ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಮಗಳ ಗುಂಡಿ ಕಿತ್ತುಹೋಗಿತ್ತು, ಮನೆಯಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ನನ್ನ ಹಳೆಯ ಯೂನಿಫಾರ್ಮಿನಿಂದ ಒಂದನ್ನು ಕಿತ್ತು ನಾಲ್ಕು ಎಳೆ ಹಾಕಿ ಹೊಲಿದುಬಿಟ್ಟೆ. ಕಾಜಾದ ತೂತು ಚಿಕ್ಕದಾಯಿತು. ಎಳೆದು ತೂರಿಸಿದೆ. “ಎಲ್ಲರೂ ನಗ್ತಾರಮ್ಮಾ,” ಎಂದಳು. “ನಕ್ಕರೆ ಅರೆಸ್ಟ್ ಮಾಡ್ತೀನಿ ಅನ್ನು,” ಎಂದು ಬಸ್ಸು ಹತ್ತಿಸಿದೆ.

ಅವತ್ತು ರಾತ್ರಿ ಅವಳು ಆಟದ ಬಟ್ಟೆಯಲ್ಲಿದ್ದಳು. ಯೂನಿಫಾರ್ಮ್ ಎಲ್ಲಿ ಎಂದು ಕೇಳಿದೆ. ಕಳೆದುಹೋಯಿತು ಎಂದಳು. ಒಂದು ಏಟು ಬಿಟ್ಟೆ.

ಲೆಕ್ಕ ಹಾಕಲು ಪೊಲೀಸೇ ಆಗಬೇಕಿರಲಿಲ್ಲ. ಶಾಲೆ ಬಿಡುವುದು ಮೂರಕ್ಕೆ. ಅಲ್ಲಿಂದ ಅಂಗಡಿಗೆ ಹತ್ತು ನಿಮಿಷ. ಅಂದರೆ ಮೂರೂ ಹತ್ತಕ್ಕೆ ಹೊಲಿಗೆ ಅಕ್ಕ ಬದುಕಿದ್ದಳು, ಮಿಷನ್ನಿನ ಮುಂದೆ ಕುಳಿತು ನನ್ನ ಮಗಳ ಕಾಜಾ ಸರಿಮಾಡುತ್ತಿದ್ದಳು. ಮಾಲೀಕರ ಮಗ ಅವಳೊಡನೆ ಜಗಳವಾಡಿ ಹೊರಗೆ ಬಂದದ್ದು ಎರಡೂವರೆಗೆ. ಎರಡೂ ಮುಕ್ಕಾಲರಿಂದ ಐದರವರೆಗೆ ಅವನು ನೋಂದಣಿ ಕಚೇರಿಯಲ್ಲಿ ಹನ್ನೆರಡು ಜನರ ಕಣ್ಣೆದುರು ಕುಳಿತಿದ್ದ. ಅದನ್ನು ನಾವೂ ಅಲ್ಲಗಳೆದಿರಲಿಲ್ಲ. ಹೊರಡುವ ಮುಂಚೆ ಕೊಂದ ಎಂಬುದೇ ನಮ್ಮ ವಾದವಾಗಿತ್ತು.

ಅವನು ಕೊಂದಿಲ್ಲ. ತೀರ್ಪು ಸರಿಯಾಗಿತ್ತು. ಒಂದೂವರೆ ವರ್ಷ ಅವನನ್ನು ಜೈಲಿನಲ್ಲಿ ಕೊಳೆಸಿದ್ದು ನಾನು. ಇವತ್ತು ಈ ಬೀದಿಗೆಲ್ಲ ಬೆಂಕಿ ಹಚ್ಚಿದ್ದೂ ನಾನು.

ಮನೆಗೆ ಫೋನು ಮಾಡಿದೆ. ಗಲಾಟೆಯಿಂದ ಶಾಲೆಗೆ ರಜೆ. ಗಂಡ ಕೆಲಸದ ಮೇಲೆ ಪರಊರಿನಲ್ಲಿದ್ದರು. ಫೋನು ಎತ್ತಿದ್ದು ಅತ್ತೆ.

“ಬಾಗಿಲಿಗೆ ಯಾರೋ ಮೊಟ್ಟೆ ಹೊಡೆದು ಹೋದ್ರು ಕಣೆ,” ಎಂದರು ಪೀಠಿಕೆಯಿಲ್ಲದೆ. “ಮೂರು. ಈಗಿನ ರೇಟಲ್ಲಿ ಮೂರು ಮೊಟ್ಟೆ ಅಂದ್ರೆ ಜನಕ್ಕೆ ನಿಜವಾಗ್ಲೂ ಸಿಟ್ಟು ಬಂದಿದೆ ಅಂತ. ತೊಳೆದಿದೀನಿ. ನೀನು ಊಟಕ್ಕೆ ಬರ್ತೀಯೋ ಇಲ್ವೋ?”

“ಅತ್ತೆ, ಅವಳಿಗೆ ಫೋನ್ ಕೊಡಿ.”

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅತ್ತೆ ಮರುಮಾತಾಡದೆ ಕೊಟ್ಟರು. ಅವರು ಹಾಗೆ ಮಾಡಿದ್ದು ನನ್ನ ಮದುವೆಯಾದ ಮೇಲೆ ಅದೇ ಮೊದಲು.

“ಪುಟ್ಟಿ, ಬೈಯಲ್ಲ. ಹೊಲಿಗೆ ಆಂಟಿ ತೀರಿಕೊಂಡ ದಿನ ನೀನು ಅವರ ಅಂಗಡಿಗೆ ಹೋಗಿದ್ಯಾ?”

ಆ ಕಡೆಯಿಂದ ಸಣ್ಣ ದನಿ. “ಕಾಜಾ ಹರಿದುಹೋಗಿತ್ತು. ಎಲ್ಲರೂ ನಕ್ಕರು. ಆಟದ ಬಟ್ಟೆ ಹಾಕ್ಕೊಂಡು ಯೂನಿಫಾರ್ಮ್ ಆಂಟಿಗೆ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಬಾ ಅಂದ್ರು.”

“ಹೋದ್ಯಾ?”

“ಹೋದೆ. ಬಾಗಿಲು ಹಾಕಿತ್ತು. ತಟ್ಟಿದೆ. ಒಳಗಿಂದ ಒಬ್ರು, ಇವತ್ತು ಅಂಗಡಿ ಇಲ್ಲ, ಮನೆಗೆ ಹೋಗಮ್ಮ, ಅಂದ್ರು.”

“ಒಬ್ರು ಅಂದ್ರೆ? ಆಂಟೀನಾ?”

“ಅಲ್ಲ. ಗಂಡಸು. ಮೆತ್ತಗೆ ಮಾತಾಡಿದ್ರು. ಬೈಯಲಿಲ್ಲ.”

“ಯಾರ ದನಿ ಅಂತ ಗೊತ್ತಾಯ್ತಾ?”

“ಇಲ್ಲ.”

ಒಳಗೆ ಅಕ್ಕ ಬಿದ್ದಿದ್ದಾಳೆ. ಬಾಗಿಲ ಈಚೆ ನನ್ನ ಮಗಳು, ಹತ್ತು ವರ್ಷದವಳು, ತಟ್ಟುತ್ತಿದ್ದಾಳೆ. ಅವನು ಬಾಗಿಲು ತೆರೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸದಿರಲು ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ನಂಗ್ಯಾಕೆ ಹೇಳಲಿಲ್ಲ ಪುಟ್ಟಿ?”

“ಹೇಳಬೇಕು ಅಂತಾನೇ ಕಾಯ್ತಿದ್ದೆ ಅಮ್ಮಾ. ಅಷ್ಟರಲ್ಲಿ ನೀನು ಟಿವಿಲಿ ಬಂದೆ. ಕೊಲೆಗಾರ ಸಿಕ್ಕಿದ, ಅವನು ಎರಡೂವರೆಗೇ ಕೊಂದ ಅಂದೆ. ನೀನು ಪೊಲೀಸ್ ಅಲ್ವಾ? ಹಾಗಾದ್ರೆ ನಾನು ಮೂರು ಗಂಟೆಗೆ ನೋಡಿದ್ದೇ ತಪ್ಪು ಅಂದ್ಕೊಂಡೆ.”

ಮತ್ತೆ ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತೆ. ಒಂದೂವರೆ ವರ್ಷದಿಂದ ನನ್ನ ಮನೆಯಲ್ಲೇ, ನನ್ನ ಎದುರೇ ಊಟಕ್ಕೆ ಕೂರುತ್ತಿದ್ದ ಸಾಕ್ಷಿಯ ಬಾಯಿಗೆ ನಾನೇ ಬೀಗ ಹಾಕಿದ್ದೆ.

“ನೀನು ನೋಡಿದ್ದೇ ಸರಿ. ತಪ್ಪು ನಂದು,” ಎಂದೆ. “ಬಾಗಿಲು ಹಾಕ್ಕೊಳ್ಳೋಕೆ ಅಜ್ಜಿಗೆ ಹೇಳು. ನಾನು ಬರೋವರೆಗೂ ಯಾರಿಗೂ ತೆಗೀಬೇಡಿ. ನಮ್ಮ ಸ್ಟೇಷನ್‌ನವರು ಬಂದ್ರೂ ತೆಗೀಬೇಡಿ.”

ಕೊನೆಯ ಮಾತು ಯಾಕೆ ಬಂತೋ ಗೊತ್ತಿಲ್ಲ. ಬಂತು.

ಹಿಂಬಾಗಿಲು ಬಡಿದ ಸದ್ದಾಯಿತು. ಹೆಡ್. ಜೀಪಿನಿಂದ ಓಡಿ ಬಂದಿದ್ದರು. “ಮೇಡಂ, ಮಾಲೀಕರ ಮನೆ ಗೇಟು ಮುರಿದಿದಾರಂತೆ. ಮಗ ಮಹಡಿ ಮೇಲೆ ಸಿಕ್ಕಿಹಾಕ್ಕೊಂಡಿದಾನೆ. ಕೆಳಗೆ ಬೆಂಕಿ ಹಚ್ತೀವಿ ಅಂತಿದಾರೆ. ನಮ್ಮವರು ಇರೋದು ಒಂಬತ್ತೇ ಜನ.”

ಫೋಟೋಗ್ರಾಫರಿಗೆ ಕಣ್ಣಲ್ಲೇ ಹೇಳಿದೆ. ಅವರು ಶಟರು ಪೂರ್ತಿ ಇಳಿಸಿ, ಒಂದನೇ ನಂಬರಿನ ಫೋಟೋ ಪ್ರಿಂಟಿಗೆ ಹಾಕಿ ಒಳಗೇ ಉಳಿದರು. ಹೆಡ್‌ಗೆ ನಾನು ಏನೂ ಹೇಳಲಿಲ್ಲ. ಜೀಪಿನಲ್ಲಿ ಸ್ಟೇಷನ್ನಿಗೆ ಫೋನು ಮಾಡಿ ನನ್ನ ಮನೆಯ ಹೊರಗೆ ಕಾಯಲು ಇಬ್ಬರನ್ನು ಕಳಿಸಿ ಎಂದೆ. ಇರುವವರೆಲ್ಲ ಗೇಟಿನ ಹತ್ತಿರ ಇದ್ದಾರೆ ಮೇಡಂ ಎಂದರು.

ದಾರಿಯುದ್ದಕ್ಕೂ ಒಂದೇ ಯೋಚನೆ. ಅವನು ನಿರಪರಾಧಿ ಎಂದು ಬರೀ ಬಾಯಲ್ಲಿ ಹೇಳಿದರೆ ಜನ ನನ್ನನ್ನೂ ಸೇರಿಸಿ ಸುಡುತ್ತಾರೆ. ಸಾಕ್ಷಿ ಇದೆ ಎಂದರೆ ನಿಲ್ಲಬಹುದು. ಆದರೆ ಸಾಕ್ಷಿ ನನ್ನ ಮಗಳು. ಬಾಗಿಲ ಹಿಂದೆ ನಿಂತು ಅವಳೊಡನೆ ಮೆತ್ತಗೆ ಮಾತಾಡಿದವನು ಇದೇ ಊರಿನಲ್ಲಿ ತಿರುಗಾಡಿಕೊಂಡಿದ್ದಾನೆ. ಯಾರ ಜೀವ ದೊಡ್ಡದು ಎಂದು ತೂಗುವ ಹಕ್ಕು ನನಗೆಲ್ಲಿತ್ತು? ಒಂದು ಜೀವವನ್ನು ಆಗಲೇ ಒಂದೂವರೆ ವರ್ಷ ತಿಂದಿದ್ದೆ.

ಸಾಕ್ಷಿ ಇದೆ ಎನ್ನಬೇಕು. ಯಾರೆಂದು ಹೇಳಬಾರದು. ಗಂಡಸೋ ಹೆಂಗಸೋ, ಸಣ್ಣವರೋ ದೊಡ್ಡವರೋ, ಯಾವ ಸುಳಿವನ್ನೂ ಬಿಡಬಾರದು. ಹಾಗೆಂದು ತೀರ್ಮಾನಿಸಿದೆ.

ಗೇಟು ಒಂದು ಕೀಲಿನ ಮೇಲೆ ಜೋತಾಡುತ್ತಿತ್ತು. ಅಂಗಳದ ಮೆಟ್ಟಿಲ ಮೇಲೆ ಮಾಲೀಕರು, ಎಪ್ಪತ್ತರ ಮುದುಕ, ಕೈಮುಗಿದುಕೊಂಡು ನಿಂತಿದ್ದರು. ಪಕ್ಕದಲ್ಲಿ ಸರ್ಕಾರಿ ವಕೀಲರು. ಕೇಸು ಸೋತರೂ ಜನ ಅವರನ್ನು ಬೈದಿರಲಿಲ್ಲ. ಸಮಾಧಾನ ಹೇಳಲಿ ಎಂದು ಮೇಲಧಿಕಾರಿಗಳೇ ಅವರನ್ನು ಕರೆಸಿದ್ದರು. ನಾನು ಮೆಟ್ಟಿಲು ಹತ್ತಿದೆ, ಹೆಡ್ ಹಿಂದೆಯೇ ಹತ್ತಿದರು. ಮೈಕು ಕೈಗೆ ಬಂತು.

ಮುಂದಿನ ಸಾಲಿನಲ್ಲಿ ಹೊಲಿಗೆ ಅಕ್ಕನ ತಾಯಿ ಇದ್ದರು. ಅವರ ಕೈಯಲ್ಲಿ ಮಗಳ ಫೋಟೋ ಇತ್ತು, ಕಲ್ಲಿರಲಿಲ್ಲ. ಕಲ್ಲಿದ್ದಿದ್ದರೆ ಮಾತಾಡುವುದು ಸುಲಭವಾಗುತ್ತಿತ್ತು.

“ನಾನು ಕೋರ್ಟಲ್ಲಿ ಸುಳ್ಳು ಹೇಳಿದೆ,” ಎಂದೆ.

ಅಷ್ಟು ಜನರ ಗದ್ದಲ ನೀರು ಸುರಿದಂತೆ ಆರಿತು.

“ಸ್ಥಳದ ವರದಿ ನಾನು ಸ್ಥಳದಲ್ಲಿ ಬರೀಲಿಲ್ಲ. ಮಾರನೇ ದಿನ ಬರೆದೆ. ನೋಡಬೇಕಾದ್ದನ್ನ ನೋಡಲಿಲ್ಲ. ಈ ಮನೆ ಹುಡುಗ ಅಂಗಡಿಯಿಂದ ಹೊರಟಿದ್ದು ಎರಡೂವರೆಗೆ. ಅದಾದ ಮೇಲೂ ಅಕ್ಕ ಬದುಕಿದ್ರು. ಮೂರು ಗಂಟೆ ಮೇಲೆ ಅವರನ್ನ ಕಂಡು ಮಾತಾಡಿದ ಸಾಕ್ಷಿ ಇದೆ. ನನಗೆ ಗೊತ್ತಾಗಿದ್ದು ಇವತ್ತು, ಒಂದು ಗಂಟೆ ಹಿಂದೆ. ಇವನು ಕೊಂದಿಲ್ಲ. ತಪ್ಪು ಮಾಡಿದ್ದು ನಾನು. ಹೊಡೀಬೇಕಾದ್ರೆ ನನಗೆ ಹೊಡೀರಿ.”

ಅಕ್ಕನ ತಾಯಿ ಎರಡು ಹೆಜ್ಜೆ ಮುಂದೆ ಬಂದರು.

“ಹಾಗಾದ್ರೆ ನನ್ನ ಮಗಳನ್ನ ಕೊಂದೋರು ಯಾರಮ್ಮ?” ಎಂದರು. “ನೀನು ಮಾತು ಕೊಟ್ಟಿದ್ದೆ.”

“ಗೊತ್ತಿಲ್ಲಮ್ಮ,” ಎಂದೆ. ಆ ಒಂದು ಪದ ಹೇಳುವಾಗ ಆದ ಅವಮಾನ ಸುಳ್ಳು ಒಪ್ಪಿಕೊಂಡಾಗ ಆಗಿರಲಿಲ್ಲ.

“ಸಾಕ್ಷಿ ಯಾರು? ಹೆಸರು ಹೇಳಿ!” ಎಂದು ಹಿಂದಿನಿಂದ ಒಬ್ಬ ಕೂಗಿದ. “ಮತ್ತೆ ನಾಟಕ!” ಎಂದ ಇನ್ನೊಬ್ಬ. ಗದ್ದಲ ಎದ್ದಿತು. ಒಂದು ಕಲ್ಲು ಬಂದು ನನ್ನ ಭುಜಕ್ಕೆ ಬಡಿಯಿತು. ನಾನು ಮುಗ್ಗರಿಸಿದಾಗ ಮೆಟ್ಟಿಲ ಮೇಲೆ ನನ್ನ ಹಿಂದಿದ್ದವರೆಲ್ಲ ಒಟ್ಟಿಗೆ ಮುಂದೆ ಬಂದರು. ಯಾರೋ ತೋಳು ಹಿಡಿದರು, ಯಾರೋ ಬೆನ್ನಿಗೆ ಕೈ ಕೊಟ್ಟರು. ಆ ನೂಕಾಟದಲ್ಲಿ ನನ್ನ ಕಿವಿಯ ಹತ್ತಿರವೇ ಒಂದು ಪಿಸುದನಿ ಕೇಳಿತು. ಕನಿಕರ ತುಂಬಿದ, ಮೆತ್ತನೆಯ ಗಂಡಸಿನ ದನಿ.

“ಪಾಪ, ಅಷ್ಟು ಸಣ್ಣ ಮಗು ಇಷ್ಟು ದಿನ ಇದನ್ನ ಹೇಗೆ ಹೊಟ್ಟೇಲಿ ಇಟ್ಕೊಂಡಿತ್ತು, ಮೇಡಂ?”

ಸಾಕ್ಷಿ ಮಗು ಎಂದು ನಾನು ಹೇಳಿರಲಿಲ್ಲ.

ಥಟ್ಟನೆ ತಿರುಗಿದೆ. ಹೆಡ್ ನನ್ನ ತೋಳು ಹಿಡಿದಿದ್ದರು. ಸರ್ಕಾರಿ ವಕೀಲರು ಬೆನ್ನ ಹಿಂದೆ ನಿಂತಿದ್ದರು. ಮಾಲೀಕರ ಕೈಗಳು ಇನ್ನೂ ಮುಗಿದೇ ಇದ್ದವು. ಮೂವರ ಮುಖವೂ ನನಗೆ ಒಂದು ಕೈಯಳತೆಯಲ್ಲಿತ್ತು, ಮೂವರೂ ನನ್ನನ್ನೇ ಕಾಳಜಿಯಿಂದ ನೋಡುತ್ತಿದ್ದರು.